ಹತ್ತಿರ ಇದ್ದವರಿಗೇ ಕಾಣದ ಆಟ

ಅಮೆರಿಕದ ನಡುಭಾಗದಲ್ಲಿರುವ ಅಯೋವಾ ರಾಜ್ಯಕ್ಕೆ ಮೇಜರ್ ಲೀಗ್ ಬೇಸ್‌ಬಾಲಿನಲ್ಲಿ ತನ್ನದೆನ್ನುವ ಒಂದು ತಂಡವೂ ಇಲ್ಲ. ರಾಜಧಾನಿ ಡೆ ಮೊಯ್ನ್‌ನಿಂದ ಷಿಕಾಗೋದ ಮೈದಾನಕ್ಕಾಗಲಿ, ಕಾನ್ಸಾಸ್ ಸಿಟಿಯ ಮೈದಾನಕ್ಕಾಗಲಿ ಹೋಗಬೇಕೆಂದರೆ ಗಂಟೆಗಟ್ಟಲೆ ಕಾರು ಓಡಿಸಬೇಕು. ಆದರೆ ಲೀಗಿನ ಪ್ರಸಾರ ನಕ್ಷೆಯಲ್ಲಿ ಆ ರಾಜ್ಯದ ಬಹುಭಾಗ ಒಂದಲ್ಲ, ಎರಡಲ್ಲ, ಆರು ತಂಡಗಳ ತವರು: ಷಿಕಾಗೋ ಕಬ್ಸ್, ಷಿಕಾಗೋ ವೈಟ್ ಸಾಕ್ಸ್, ಸೇಂಟ್ ಲೂಯಿಸ್ ಕಾರ್ಡಿನಲ್ಸ್, ಕಾನ್ಸಾಸ್ ಸಿಟಿ ರಾಯಲ್ಸ್, ಮಿನೆಸೋಟ ಟ್ವಿನ್ಸ್, ಮಿಲ್ವಾಕಿ ಬ್ರೂವರ್ಸ್. ತವರು ಎಂದರೆ ಇಲ್ಲಿ ಸವಲತ್ತಲ್ಲ, ತಡೆ. ಲೀಗ್ ತಾನೇ ನಡೆಸುವ ಎಂಎಲ್‌ಬಿ ಟಿವಿ ಎಂಬ ಸ್ಟ್ರೀಮಿಂಗ್ ಸೇವೆಗೆ 2025ರಲ್ಲಿ ಇಡೀ ಋತುವಿನ ಚಂದಾ ಸುಮಾರು 150 ಡಾಲರ್. ಅಷ್ಟು ಹಣ ಕಟ್ಟಿದ ಅಯೋವಾದ ಮನೆಗೆ ದೂರದ ಸಿಯಾಟಲ್ ತಂಡದ ಆಟ ಸಿಗುತ್ತದೆ, ಮಯಾಮಿಯದೂ ಸಿಗುತ್ತದೆ. ಈ ಆರು ತಂಡಗಳ ನೇರಪ್ರಸಾರ ಮಾತ್ರ ಆ ಚಂದಾದಲ್ಲಿ ಬರುವುದಿಲ್ಲ. 30 ತಂಡಗಳೂ ಆಡುವ ದಿನ 15 ಪಂದ್ಯಗಳಿರುತ್ತವೆ. ಈ ಆರೂ ತಂಡಗಳು ಬೇರೆ ಬೇರೆ ಎದುರಾಳಿಗಳ ಜೊತೆ ಆಡಿದರೆ ಅವುಗಳಲ್ಲಿ ಆರು ಪಂದ್ಯಗಳಿಗೆ ತೆರೆ ಬಿದ್ದಂತೆ. ಪಂದ್ಯ ಮುಗಿದು ಸುಮಾರು ಒಂದೂವರೆ ಗಂಟೆಯಾದ ಮೇಲೆ ರೆಕಾರ್ಡಿಂಗ್ ನೋಡಲು ಅಡ್ಡಿಯಿಲ್ಲ. ಫಲಿತಾಂಶ ಗೊತ್ತಾದ ಮೇಲೆ ಆಟ ನೋಡಿ ಎಂದು ಅಭಿಮಾನಿಗೆ ಹೇಳುವ ವ್ಯವಸ್ಥೆ ಇದು.

ಐಪಿಎಲ್ ನೋಡಿ ಅಭ್ಯಾಸವಾದ ಕನ್ನಡದ ಓದುಗರಿಗೆ ಇದು ಸುಲಭವಾಗಿ ಅರ್ಥವಾಗದಿರಬಹುದು. ಆರ್‌ಸಿಬಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆಡುವ ದಿನ ದೆಹಲಿ, ಗುವಾಹಟಿಗಳಲ್ಲೆಲ್ಲ ಪಂದ್ಯ ಬಂದು, ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳ ಮೊಬೈಲುಗಳಲ್ಲಿ ಮಾತ್ರ ‘ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ’ ಎಂದು ಕಂಡರೆ ಏನಾಗಬಹುದೆಂದು ಊಹಿಸಿಕೊಳ್ಳಬಹುದು. ಇಲ್ಲಿ ಹಾಗಾಗದಿರುವುದಕ್ಕೆ ಕಾರಣ ಯಾರ ಔದಾರ್ಯವೂ ಅಲ್ಲ. ಹಕ್ಕು ಯಾರ ಕೈಯಲ್ಲಿದೆ ಎಂಬುದು. ಐಪಿಎಲ್‌ನಲ್ಲಿ ಪ್ರಸಾರದ ಹಕ್ಕನ್ನು ತಂಡಗಳು ಮಾರುವುದಿಲ್ಲ, ಬಿಸಿಸಿಐ ಒಟ್ಟಾಗಿ ಮಾರುತ್ತದೆ. 2022ರ ಜೂನ್‌ನಲ್ಲಿ ಐದು ಋತುಗಳ ಹಕ್ಕು 48,390 ಕೋಟಿ ರೂಪಾಯಿಗೆ ಹೋಯಿತು. ಅದರಲ್ಲಿ ಪಾಲು ಎಲ್ಲ ತಂಡಗಳಿಗೂ ಸಲ್ಲುತ್ತದೆ. ಬೇಸ್‌ಬಾಲ್ ಹುಟ್ಟಿ ಬೆಳೆದದ್ದು ತದ್ವಿರುದ್ಧ ದಾರಿಯಲ್ಲಿ. ಅಲ್ಲಿ ರಾಷ್ಟ್ರೀಯ ಚಾನೆಲ್‌ಗಳಿಗೆ ಹೋಗುವ ಕೆಲವೇ ಪಂದ್ಯಗಳ ಹಣವನ್ನು ಎಲ್ಲರೂ ಸಮವಾಗಿ ಹಂಚಿಕೊಳ್ಳುತ್ತಾರೆ. ಉಳಿದ ಪಂದ್ಯಗಳನ್ನು ಆಯಾ ತಂಡ ತನ್ನ ಸೀಮೆಯೊಳಗೆ ತನಗೆ ಬೇಕಾದವರಿಗೆ ಮಾರಿಕೊಳ್ಳುತ್ತದೆ. ಒಂದು ತಂಡ ಒಂದು ಋತುವಿನಲ್ಲಿ ಆಡುವುದು 162 ಪಂದ್ಯ, ಲೀಗಿನಲ್ಲಿ ಒಟ್ಟು 2,430. ಹಾಗಾಗಿ ‘ಉಳಿದ ಪಂದ್ಯಗಳು’ ಎಂದರೆ ಹೆಚ್ಚುಕಡಿಮೆ ಇಡೀ ಋತುವೇ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೆ ಆರು ಸಂಜೆ ಮನೆಯೊಳಗೆ ನಡೆಯುವ ಆಟ ಇದು. ವರ್ಷಕ್ಕೊಮ್ಮೆ ಬಂದು ಹೋಗುವ ಹಬ್ಬಕ್ಕಿಂತ ನಿತ್ಯದ ಒಡನಾಟಕ್ಕೆ ಹತ್ತಿರ. ಆ ಒಡನಾಟ ಯಾರಿಗೆ ಹೆಚ್ಚು ಬೇಕೋ ಅವರನ್ನೇ ಹೊರಗಿಡುವ ಸ್ಥಳೀಯ ಬ್ಲ್ಯಾಕೌಟ್ ಇಂದು ತಂಡಗಳ ಆದಾಯವನ್ನೂ ಕಾಯುತ್ತಿಲ್ಲ, ಕ್ರೀಡಾಂಗಣವನ್ನೂ ತುಂಬಿಸುತ್ತಿಲ್ಲ. ಅದು ಕಾಯುತ್ತ ಬಂದದ್ದು ಕೇಬಲ್ ಟಿವಿಯ ಒಂದು ಹಳೆಯ ವ್ಯವಹಾರವನ್ನು. ಆ ವ್ಯವಹಾರವೇ ಕುಸಿಯುತ್ತಿರುವಾಗ ನಿಯಮವನ್ನು ಇಟ್ಟುಕೊಳ್ಳುವುದಕ್ಕೆ ಕಾರಣ ಉಳಿದಿಲ್ಲ.

ಆ ವ್ಯವಹಾರದ ಒಳಗುಟ್ಟು ಸರಳ. ಪ್ರತಿ ಪ್ರದೇಶಕ್ಕೆ ಒಂದು ಕ್ರೀಡಾ ಚಾನೆಲ್. ಅದು ತಂಡಕ್ಕೆ ವರ್ಷಕ್ಕೆ ಇಷ್ಟೆಂದು ದೊಡ್ಡ ಮೊತ್ತ ಕೊಟ್ಟು ಪಂದ್ಯಗಳನ್ನು ಕೊಳ್ಳುತ್ತದೆ. ಚಾನೆಲ್ ತನ್ನನ್ನು ಕೇಬಲ್ ಕಂಪನಿಗೆ ಮಾರಿಕೊಳ್ಳುತ್ತದೆ; ಮೂಲ ಪ್ಯಾಕೇಜಿನಲ್ಲೇ ತನ್ನನ್ನು ಸೇರಿಸಬೇಕು, ಪ್ರತಿ ಮನೆಯಿಂದ ತಿಂಗಳಿಗೆ ಕೆಲವು ಡಾಲರ್ ತನಗೆ ಬರಬೇಕು ಎಂಬುದು ಅದರ ಷರತ್ತು. ಆ ಮನೆಯಲ್ಲಿ ಬೇಸ್‌ಬಾಲ್ ನೋಡುವವರು ಇದ್ದಾರೋ ಇಲ್ಲವೋ ಎಂಬುದು ಲೆಕ್ಕಕ್ಕಿಲ್ಲ. ಊಟಕ್ಕೆ ಬಾರದವರಿಂದಲೂ ಎಲೆ ಲೆಕ್ಕದಲ್ಲಿ ದುಡ್ಡು ಎತ್ತಿದ ಹಾಗೆ. ಎಲ್ಲರೂ ಕೊಡುತ್ತಿದ್ದರಿಂದ ಒಬ್ಬೊಬ್ಬರ ಪಾಲು ಸಣ್ಣದಾಗಿ ಕಾಣುತ್ತಿತ್ತು, ಒಟ್ಟು ಮೊತ್ತ ಮಾತ್ರ ಅಗಾಧವಾಗುತ್ತಿತ್ತು. ಈ ಏರ್ಪಾಡು ಉಳಿಯಬೇಕಾದರೆ ಒಂದು ಬೇಲಿ ಬೇಕೇ ಬೇಕಿತ್ತು: ಅದೇ ಪಂದ್ಯ ಬೇರೆ ಯಾವ ದಾರಿಯಲ್ಲೂ ಆ ಸೀಮೆಯ ಮನೆಗೆ ಬರಕೂಡದು. ಬ್ಲ್ಯಾಕೌಟ್ ಆ ಬೇಲಿ. ಅದನ್ನು ಹಾಕಿದ್ದು ಟಿಕೆಟ್ ಮಾರಾಟಕ್ಕೆಂದು ಅನೇಕರು ಇಂದಿಗೂ ನಂಬಿದ್ದಾರೆ. ಟಿಕೆಟ್ಟೇ ಕಾರಣವಾಗಿದ್ದರೆ ತಂಡ ಪರವೂರಿನಲ್ಲಿ ಆಡುವ 81 ಪಂದ್ಯಗಳನ್ನಾದರೂ ಬಿಡಬಹುದಿತ್ತು. ಕಬ್ಸ್ ತಂಡ ಸ್ಯಾನ್ ಡಿಯೇಗೋದಲ್ಲಿ ಆಡುವಾಗ ಷಿಕಾಗೋದ ರಿಗ್ಲಿ ಫೀಲ್ಡಿನ ಟಿಕೆಟ್ ಕೌಂಟರಿಗೆ ಅದರಿಂದ ಏನೂ ನಷ್ಟವಿಲ್ಲ. ಆ ಪಂದ್ಯಕ್ಕೂ ಅದೇ ತಡೆ. ಬೇಲಿ ಯಾರ ಹೊಲಕ್ಕೆಂಬುದು ಇಷ್ಟರಿಂದಲೇ ತಿಳಿಯುತ್ತದೆ.

ಕೇಬಲ್ ಇಲ್ಲದ ಮನೆಗೆ ಇಂದು ಇರುವ ದಾರಿಗಳನ್ನು ನೋಡೋಣ. ಅಭಿಮಾನಿ ತನ್ನ ತಂಡದ ಊರಿನಿಂದ ದೂರದಲ್ಲಿದ್ದರೆ ಎಂಎಲ್‌ಬಿ ಟಿವಿ ಸಾಕು. ಒಂದೇ ತಂಡದ ಚಂದಾ ಇನ್ನೂ ಅಗ್ಗ. ತಂಡದ ಸೀಮೆಯೊಳಗೇ ಇದ್ದರೆ ಆ ತಂಡದ ಚಾನೆಲ್ ನೇರವಾಗಿ ಚಂದಾ ಮಾರುತ್ತದೆಯೇ ಎಂದು ನೋಡಬೇಕು. ಬಾಸ್ಟನ್ ರೆಡ್ ಸಾಕ್ಸ್ ಪಂದ್ಯಗಳನ್ನು ತೋರಿಸುವ ನೆಸ್ನ್ ಚಾನೆಲ್ 2022ರ ಜೂನ್‌ನಲ್ಲಿ ತಿಂಗಳಿಗೆ 29.99 ಡಾಲರಿಗೆ ಇದನ್ನು ಮೊದಲು ಶುರುಮಾಡಿತು. ಕಬ್ಸ್‌ನ ಮಾರ್ಕೀ ಚಾನೆಲ್ ಮರುವರ್ಷ 19.99 ಡಾಲರಿಗೆ ಬಂತು. ಈಗ ಬಹುತೇಕ ತಂಡಗಳಿಗೆ ಅಂಥದೊಂದು ದಾರಿ ತೆರೆದಿದೆ. ಅಯೋವಾದವರು ಒಂದು ತಂಡವನ್ನು ಹಿಂಬಾಲಿಸುವುದಾದರೆ ಇಷ್ಟು ಪರವಾಗಿಲ್ಲ. ಆರೂ ತಂಡಗಳನ್ನು ಬಿಡಿಬಿಡಿಯಾಗಿ ಕೊಳ್ಳಹೊರಟರೆ ಕೇಬಲ್ಲೇ ಅಗ್ಗವಾದೀತು. ಯೂಟ್ಯೂಬ್ ಟಿವಿಯಂಥ ಇಂಟರ್‌ನೆಟ್ ಕೇಬಲ್ ಸೇವೆಗಳು ಹೆಸರಿಗೆ ಕೇಬಲ್ ಅಲ್ಲದಿದ್ದರೂ ದರದಲ್ಲಿ ಕೇಬಲ್ಲೇ. ಅವುಗಳಲ್ಲೂ ಹಲವು ಪ್ರಾದೇಶಿಕ ಕ್ರೀಡಾ ಚಾನೆಲ್‌ಗಳಿಲ್ಲ. ಮಾಳಿಗೆಯ ಮೇಲೊಂದು ಆಂಟೆನಾ ಇದ್ದರೆ ಫಾಕ್ಸ್‌ನಂಥ ಉಚಿತ ಚಾನೆಲ್‌ಗಳ ರಾಷ್ಟ್ರೀಯ ಪಂದ್ಯಗಳು, ವರ್ಲ್ಡ್ ಸೀರೀಸ್ ಎಂಬ ಅಂತಿಮ ಸರಣಿಯೂ ಸೇರಿ, ಪುಕ್ಕಟೆ ಸಿಗುತ್ತವೆ. ಕೊನೆಯದು ರೇಡಿಯೋ. ಲೀಗಿನ ಆ್ಯಪಿನಲ್ಲಿ ವರ್ಷಕ್ಕೆ ಸುಮಾರು 30 ಡಾಲರಿಗೆ ಎಲ್ಲ ತಂಡಗಳ ವೀಕ್ಷಕ ವಿವರಣೆ ಕೇಳಬಹುದು, ಅದಕ್ಕೆ ಸ್ಥಳೀಯ ತಡೆಯಿಲ್ಲ. ಕಡಿಮೆ ಖರ್ಚಿನಲ್ಲಿ ಬೇಸ್‌ಬಾಲ್ ಅನುಭವಿಸುವವರಿಗೆ ಇದಕ್ಕಿಂತ ಒಳ್ಳೆಯ ಆಯ್ಕೆ ಇನ್ನೊಂದಿಲ್ಲ. ಈ ಆಟದ ಬಿಡುವು, ಕಾಯುವಿಕೆ, ಪಿಚರ್ ಮತ್ತು ಬ್ಯಾಟರ್ ನಡುವಿನ ಮೌನದ ಲೆಕ್ಕಾಚಾರ ಎಲ್ಲವೂ ಮಾತಿನಲ್ಲಿ ಚೆನ್ನಾಗಿ ಕೂರುತ್ತವೆ.

ರೇಡಿಯೋದ ಮಾತು ಬಂದದ್ದರಿಂದ ಅದರ ಇತಿಹಾಸಕ್ಕೇ ಹೋಗಬೇಕು, ಯಾಕೆಂದರೆ ಇಂದಿನ ವಾದಗಳೆಲ್ಲ ಅಲ್ಲಿ ಒಮ್ಮೆ ಪರೀಕ್ಷೆಯಾಗಿ ಹೋಗಿವೆ. 1921ರ ಆಗಸ್ಟ್ 5ರಂದು ಪಿಟ್ಸ್‌ಬರ್ಗಿನ ಕೆಡಿಕೆಎ ಕೇಂದ್ರ ಮೊದಲ ಬಾರಿಗೆ ಮೇಜರ್ ಲೀಗ್ ಪಂದ್ಯವೊಂದನ್ನು ಪ್ರಸಾರ ಮಾಡಿತು. ಮನೆಯಲ್ಲೇ ಪುಕ್ಕಟೆ ಕೇಳಿಸಿದರೆ ಮೈದಾನಕ್ಕೆ ಯಾರು ಬರುತ್ತಾರೆ ಎಂಬ ಭಯ ಮಾಲೀಕರಲ್ಲಿ ಬೇಗ ಹುಟ್ಟಿತು. ನ್ಯೂಯಾರ್ಕಿನ ಮೂರು ತಂಡಗಳಾದ ಯಾಂಕೀಸ್, ಜಯಂಟ್ಸ್, ಬ್ರೂಕ್ಲಿನ್ ಡಾಡ್ಜರ್ಸ್ ಒಪ್ಪಂದ ಮಾಡಿಕೊಂಡು 1934ರಿಂದ ಐದು ವರ್ಷ ತಮ್ಮ ಪಂದ್ಯಗಳನ್ನು ರೇಡಿಯೋಗೆ ಕೊಡಲೇ ಇಲ್ಲ. ಪಿಟ್ಸ್‌ಬರ್ಗಿನಲ್ಲಿ ಕೆಕ್ಯೂವಿ ಎಂಬ ಕೇಂದ್ರ ಅಲ್ಲಿನ ತಂಡದ ಮೈದಾನವಾದ ಫೋರ್ಬ್ಸ್ ಫೀಲ್ಡಿನ ಗೋಡೆಯಾಚೆ ಜಾಗ ಹಿಡಿದು, ಅಲ್ಲಿಂದ ಕಂಡದ್ದನ್ನು ಪ್ರಸಾರ ಮಾಡುತ್ತಿತ್ತು. 1938ರಲ್ಲಿ ನ್ಯಾಯಾಲಯ ಅದನ್ನು ತಡೆಯಿತು. ತನ್ನ ಪಂದ್ಯದ ಸುದ್ದಿ ಎಷ್ಟು ಹೊತ್ತಿಗೆ ಯಾರಿಗೆ ತಲುಪಬೇಕೆಂಬುದು ತಂಡದ ಆಸ್ತಿ ಎಂಬ ತತ್ವಕ್ಕೆ ಆ ತೀರ್ಪು ಬಲ ಕೊಟ್ಟಿತು. ಆದರೆ ಇದಕ್ಕೂ ಮೊದಲೇ ಷಿಕಾಗೋದಲ್ಲಿ ಬೇರೆಯದೇ ಪ್ರಯೋಗ ನಡೆದಿತ್ತು. ಕಬ್ಸ್ ಮಾಲೀಕ ವಿಲಿಯಂ ರಿಗ್ಲಿ 1925ರಿಂದ ಕೇಳಿದ ರೇಡಿಯೋ ಕೇಂದ್ರಗಳಿಗೆಲ್ಲ ಬಾಗಿಲು ತೆರೆದ. ಒಂದೇ ಪಂದ್ಯ ಹಲವು ಕೇಂದ್ರಗಳಲ್ಲಿ ಏಕಕಾಲಕ್ಕೆ ಬರುತ್ತಿತ್ತು. ಎರಡು ವರ್ಷದ ಬಳಿಕ, 1927ರಲ್ಲಿ, ಒಂದು ಋತುವಿನಲ್ಲಿ 10 ಲಕ್ಷ ಪ್ರೇಕ್ಷಕರನ್ನು ಮೈದಾನಕ್ಕೆ ಕರೆತಂದ, ಮೇಜರ್ ಲೀಗಿನ ಎರಡು ಭಾಗಗಳಲ್ಲಿ ಒಂದಾದ ನ್ಯಾಷನಲ್ ಲೀಗಿನ ಮೊದಲ ತಂಡ ಕಬ್ಸ್ ಆಯಿತು. ಆ ವರ್ಷ ಅದು ಗೆದ್ದ ತಂಡವಲ್ಲ, ನಾಲ್ಕನೇ ಸ್ಥಾನದಲ್ಲಿ ನಿಂತ ತಂಡ. ರೇಡಿಯೋ ಒಂದರಿಂದಲೇ ಜನ ಬಂದರೆಂದು ಹೇಳಲಾಗದು. ಮಹಿಳೆಯರಿಗೆ ಪುಕ್ಕಟೆ ಪ್ರವೇಶದ ದಿನಗಳೂ ಇದ್ದವು. ಆದರೆ ರೇಡಿಯೋ ಜನರನ್ನು ಮನೆಯಲ್ಲಿ ಕಟ್ಟಿಹಾಕಲಿಲ್ಲ ಎಂಬುದಂತೂ ಸಿದ್ಧವಾಯಿತು. 1939ರಲ್ಲಿ ಬ್ರೂಕ್ಲಿನ್ ತಂಡ ನಿಷೇಧ ಮುರಿದು ರೆಡ್ ಬಾರ್ಬರ್ ಎಂಬ ವಿವರಣೆಗಾರನನ್ನು ಕರೆಸಿಕೊಂಡ ಮೇಲೆ ನ್ಯೂಯಾರ್ಕಿನ ಉಳಿದವರೂ ಹಿಂಬಾಲಿಸಿದರು.

ಬೇಲಿಯ ಬೆಲೆಯನ್ನು ಇನ್ನೂ ಸ್ಪಷ್ಟವಾಗಿ ತೋರಿಸುವುದು ಲಾಸ್ ಏಂಜಲೀಸ್‌ನ ಕಥೆ. ಡಾಡ್ಜರ್ಸ್ ತಂಡ 2013ರಲ್ಲಿ ಟೈಮ್ ವಾರ್ನರ್ ಕೇಬಲ್ ಜೊತೆ 25 ವರ್ಷಗಳಿಗೆ 835 ಕೋಟಿ ಡಾಲರಿನ ಒಪ್ಪಂದ ಮಾಡಿಕೊಂಡಿತು. ವರ್ಷಕ್ಕೆ ಸರಾಸರಿ 33 ಕೋಟಿ ಡಾಲರಿಗೂ ಮಿಕ್ಕು. ಅಷ್ಟು ಹಣವನ್ನು ಮರಳಿ ಎತ್ತಲು ಹೊಸ ಚಾನೆಲ್ ಪ್ರತಿ ಮನೆಗೆ ತಿಂಗಳಿಗೆ ಸುಮಾರು 5 ಡಾಲರ್ ಕೇಳಿತು. ಡೈರೆಕ್ಟ್ ಟಿವಿ ಸೇರಿದಂತೆ ಬೇರೆ ಕಂಪನಿಗಳು ಒಪ್ಪಲಿಲ್ಲ. 2014ರಿಂದ ಆರು ಋತುಗಳ ಕಾಲ ಆ ನಗರದ ಬಹುಪಾಲು ಮನೆಗಳಲ್ಲಿ ಡಾಡ್ಜರ್ಸ್ ಕಾಣಲಿಲ್ಲ. ಅದೇ ಅವಧಿಯಲ್ಲಿ ತಂಡ 2017, 2018ರಲ್ಲಿ ಸತತವಾಗಿ ವರ್ಲ್ಡ್ ಸೀರೀಸ್ ತಲುಪಿತ್ತು. ಮೈಕಿನ ಮುಂದೆ ವಿನ್ ಸ್ಕಲ್ಲಿ ಇದ್ದರು. 1950ರಿಂದ 67 ಋತುಗಳ ಕಾಲ ಆ ತಂಡದ ದನಿಯಾಗಿದ್ದವರು. 1958ರಲ್ಲಿ ತಂಡ ಬ್ರೂಕ್ಲಿನ್‌ನಿಂದ ಬಂದಾಗ ಕಣ್ಣೆದುರು ನಡೆಯುವ ಆಟವನ್ನು ಅವರ ಬಾಯಲ್ಲಿ ಕೇಳಲೆಂದೇ ಜನ ಮೈದಾನಕ್ಕೆ ಟ್ರಾನ್ಸಿಸ್ಟರ್ ಒಯ್ಯುತ್ತಿದ್ದರು. ಅಂಥವರ ಕೊನೆಯ ವರ್ಷಗಳು ಅವರದೇ ಊರಿನ ಹೆಚ್ಚಿನ ಮನೆಗಳ ಟಿವಿಯಲ್ಲಿ ಬರಲಿಲ್ಲ. 2016ರಲ್ಲಿ ಅವರ ಕಡೆಯ ಆರು ಪಂದ್ಯಗಳನ್ನು ಕೆಟಿಎಲ್‌ಎ ಎಂಬ ಉಚಿತ ಚಾನೆಲ್‌ನಲ್ಲಿ ತೋರಿಸಲಾಯಿತು. ಡೈರೆಕ್ಟ್ ಟಿವಿ ಒಪ್ಪಿದ್ದು 2020ರ ಏಪ್ರಿಲ್‌ನಲ್ಲಿ. ಇಡೀ ಪ್ರಸಂಗದಲ್ಲಿ ಮನಸ್ಸಿಗೆ ನಾಟುವುದು ಇದು: ಜನರಿಗೆ ಪಂದ್ಯ ಕಾಣದಿದ್ದರೂ ತಂಡಕ್ಕೆ ಒಪ್ಪಂದದ ಹಣ ಬರುತ್ತಲೇ ಇತ್ತು. ಅಭಿಮಾನಿ ನೋಡಿದರೂ ಒಂದೇ, ನೋಡದಿದ್ದರೂ ಒಂದೇ ಎಂಬ ಸ್ಥಿತಿಗೆ ಒಂದು ಕ್ರೀಡಾ ಸಂಸ್ಥೆ ಬಂದು ನಿಂತರೆ ಅದರ ಮುಂದಿನ ತಲೆಮಾರು ಎಲ್ಲಿಂದ ಬರಬೇಕು?

ಮುಂದಿನ ತಲೆಮಾರು ಬರಲಿಲ್ಲ, ಕೇಬಲ್ಲಿಗಂತೂ ಬರಲಿಲ್ಲ. ಇಎಸ್‌ಪಿಎನ್ ಚಾನೆಲ್ 2011ರಲ್ಲಿ ಸುಮಾರು 10 ಕೋಟಿ ಮನೆಗಳಲ್ಲಿತ್ತು. 2023ರ ಹೊತ್ತಿಗೆ ಸುಮಾರು 7 ಕೋಟಿ ಮನೆಗಳಿಗೆ ಇಳಿಯಿತು. ಪ್ರಾದೇಶಿಕ ಚಾನೆಲ್‌ಗಳ ಗತಿಯೂ ಅದೇ. 2019ರಲ್ಲಿ ಸಿಂಕ್ಲೇರ್ ಕಂಪನಿ ಫಾಕ್ಸ್‌ನ 21 ಪ್ರಾದೇಶಿಕ ಕ್ರೀಡಾ ಚಾನೆಲ್‌ಗಳನ್ನು ಸಾವಿರ ಕೋಟಿ ಡಾಲರಿಗೂ ಹೆಚ್ಚಿನ ಬೆಲೆಕಟ್ಟಿ, ಬಹುಪಾಲು ಸಾಲದಲ್ಲಿ ಕೊಂಡಿತು. ಚಂದಾದಾರರು ಕರಗುತ್ತ ಹೋದರು. ನಾಲ್ಕೇ ವರ್ಷಕ್ಕೆ, 2023ರ ಮಾರ್ಚಿನಲ್ಲಿ, ಅವನ್ನು ನಡೆಸುತ್ತಿದ್ದ ಡೈಮಂಡ್ ಸ್ಪೋರ್ಟ್ಸ್ ಸಂಸ್ಥೆ 800 ಕೋಟಿ ಡಾಲರಿಗೂ ಮೀರಿದ ಸಾಲ ಹೊತ್ತು ದಿವಾಳಿ ಅರ್ಜಿ ಹಾಕಿತು. ಮೇ ಕೊನೆಗೆ ಸ್ಯಾನ್ ಡಿಯೇಗೋ ಪಾಡ್ರೆಸ್ ತಂಡದ ಪ್ರಸಾರವನ್ನು ಅದು ಕೈಬಿಟ್ಟಾಗ ಲೀಗ್ ತಾನೇ ಮುಂದೆ ಬಂದು ಮರುದಿನದಿಂದ ಪಂದ್ಯಗಳನ್ನು ಪ್ರಸಾರ ಮಾಡತೊಡಗಿತು. ತಿಂಗಳಿಗೆ 19.99 ಡಾಲರ್ ಕೊಟ್ಟರೆ ಸ್ಯಾನ್ ಡಿಯೇಗೋದ ಒಳಗೇ ಕುಳಿತು ಪಾಡ್ರೆಸ್ ನೋಡಬಹುದಿತ್ತು, ಬ್ಲ್ಯಾಕೌಟ್ ಇರಲಿಲ್ಲ. ಕೇಬಲ್ಲಿನಲ್ಲೂ ಹೆಚ್ಚು ಕಂಪನಿಗಳಿಗೆ ಚಾನೆಲ್ ಕೊಡಲಾಯಿತು. ಪಂದ್ಯ ತಲುಪಬಹುದಾದ ಮನೆಗಳ ಸಂಖ್ಯೆ ಸುಮಾರು 11 ಲಕ್ಷದಿಂದ 32 ಲಕ್ಷಕ್ಕೂ ಮೇಲೆ ಏರಿತು. ದಶಕಗಳ ಕಾಲ ಅಸಾಧ್ಯ ಎನ್ನುತ್ತಿದ್ದ ಕೆಲಸ ಒಂದು ರಾತ್ರಿ ಕಳೆಯುವುದರೊಳಗೆ ಆಯಿತು. ತಂತ್ರಜ್ಞಾನ ಎಂದೂ ಅಡ್ಡಿಯಾಗಿರಲಿಲ್ಲ. ಬೇಸ್‌ಬಾಲ್ ಪಂದ್ಯವೊಂದನ್ನು ಇಂಟರ್‌ನೆಟ್ಟಿನಲ್ಲಿ ಲೀಗ್ ಮೊದಲು ತೋರಿಸಿದ್ದು 2002ರ ಆಗಸ್ಟ್‌ನಲ್ಲೇ. 2025ರ ಹೊತ್ತಿಗೆ ಅರಿಜೋನಾ, ಕೊಲರಾಡೋ, ಕ್ಲೀವ್‌ಲ್ಯಾಂಡ್, ಮಿನೆಸೋಟ ತಂಡಗಳೂ ಇದೇ ದಾರಿಗೆ ಬಂದವು.

ಮೈದಾನ ಖಾಲಿಯಾಗುತ್ತದೆ ಎಂಬ ಹಳೆಯ ಆಕ್ಷೇಪಕ್ಕೆ ಪಾಡ್ರೆಸ್ ತಂಡವೇ ಉತ್ತರ ಕೊಟ್ಟಿದೆ. ತಡೆ ತೆಗೆದ 2023ರಲ್ಲಿ ಆ ತಂಡದ ಮೈದಾನಕ್ಕೆ ಬಂದವರು 32 ಲಕ್ಷಕ್ಕೂ ಹೆಚ್ಚು, ತಂಡದ ಇತಿಹಾಸದಲ್ಲೇ ಅಲ್ಲಿಯವರೆಗಿನ ದಾಖಲೆ. ಮರುವರ್ಷ ಅದನ್ನೂ ಮೀರಿತು. ದುಬಾರಿ ತಾರೆಯರನ್ನು ಕೊಂಡ ತಂಡ, ಸುಂದರವಾದ ಮೈದಾನ, ನಗರದಲ್ಲಿ ಬೇರೆ ದೊಡ್ಡ ತಂಡಗಳ ಪೈಪೋಟಿ ಇಲ್ಲದಿರುವುದು, ಇವೆಲ್ಲ ಅದಕ್ಕೆ ಕಾರಣ. ಪ್ರಸಾರದಿಂದಲೇ ಜನ ಬಂದರೆಂದು ವಾದಿಸಬೇಕಿಲ್ಲ. ಪ್ರಸಾರದಿಂದ ಜನ ಬರುವುದು ನಿಲ್ಲಲಿಲ್ಲ ಎಂಬುದಷ್ಟೇ ಸಾಕು. ಅಮೆರಿಕನ್ ಫುಟ್‌ಬಾಲಿನ ಎನ್‌ಎಫ್‌ಎಲ್ ಕೂಡ ಈ ಭಯವನ್ನು ಬಹುಕಾಲ ಸಾಕಿತ್ತು. ತವರಿನ ಪಂದ್ಯ ಆ ಊರಿನ ಟಿವಿಯಲ್ಲಿ ಬಾರದಂತೆ ಅದು ತಡೆಯುತ್ತಿದ್ದಾಗ 1973ರಲ್ಲಿ ಅಮೆರಿಕದ ಸಂಸತ್ತು ಮಧ್ಯೆ ಬಂದು, 72 ಗಂಟೆ ಮೊದಲೇ ಟಿಕೆಟ್ ಪೂರ್ತಿ ಮಾರಾಟವಾದ ಪಂದ್ಯವನ್ನು ಊರಿಗೆ ತೋರಿಸಲೇಬೇಕೆಂದು ಕಾನೂನು ಮಾಡಿತು. 2014ರಲ್ಲಿ ಕೇಂದ್ರ ಸಂವಹನ ಆಯೋಗ ಬ್ಲ್ಯಾಕೌಟಿಗೆ ತಾನು ಕೊಡುತ್ತಿದ್ದ ಆಸರೆಯನ್ನು ತೆಗೆಯಿತು, 2015ರಲ್ಲಿ ಎನ್‌ಎಫ್‌ಎಲ್ ತಡೆಯನ್ನೇ ಅಮಾನತಿನಲ್ಲಿಟ್ಟಿತು. ಅದರ ಮೈದಾನಗಳು ಖಾಲಿಯಾಗಲಿಲ್ಲ.

ಹಣದ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು, ಅದನ್ನು ಗೌರವದಿಂದಲೇ ಎದುರಿಸಬೇಕು. ಕೇಬಲ್ ಕಟ್ಟಿನಲ್ಲಿ ಬೇಸ್‌ಬಾಲ್ ನೋಡದವರೂ ಹಣ ಕೊಡುತ್ತಿದ್ದರು. ನೇರ ಚಂದಾದಲ್ಲಿ ನೋಡುವವರು ಮಾತ್ರ ಕೊಡುತ್ತಾರೆ. ತಿಂಗಳಿಗೆ 5 ಡಾಲರಿನಂತೆ ನಾಲ್ಕು ಮನೆ ಕೊಡುತ್ತಿದ್ದದ್ದು ಒಂದೇ ಮನೆ ಕೊಡುವ 20 ಡಾಲರಿಗೆ ಸಮ. ಆದರೆ ಆ ನಾಲ್ಕರಲ್ಲಿ ಒಂದು ಮನೆ ಕೊಂಡೇ ಕೊಳ್ಳುತ್ತದೆ ಎಂಬ ಖಾತರಿಯಿಲ್ಲ. ಆದಾಯ ಕುಸಿಯುತ್ತದೆ, ಆಟಗಾರರ ಸಂಬಳಕ್ಕೆ ಕೈ ಹಾಕಬೇಕಾಗುತ್ತದೆ, ಸಣ್ಣ ಊರಿನ ತಂಡಗಳು ಸೋತು ಸುಣ್ಣವಾಗುತ್ತವೆ ಎನ್ನುತ್ತಾರೆ. ಕುಸಿತ ಸುಳ್ಳಲ್ಲ. 2023ರಲ್ಲಿ ತಾನು ವಹಿಸಿಕೊಂಡ ತಂಡಗಳಿಗೆ ಹಳೆಯ ಒಪ್ಪಂದದ ಶೇ 80ರಷ್ಟನ್ನು ತುಂಬಿಕೊಡಲು ಲೀಗ್ ಒಪ್ಪಬೇಕಾಯಿತು ಎಂದರೆ ಹೊಸ ದಾರಿ ಹಳೆಯ ಹಣವನ್ನು ತರುವುದಿಲ್ಲ ಎಂದು ಅದೇ ಒಪ್ಪಿಕೊಂಡಂತೆ. ಆದರೆ ಈ ಆಕ್ಷೇಪ ತಪ್ಪು ಜೋಡಿಯನ್ನು ಹೋಲಿಸುತ್ತಿದೆ. ಹಳೆಯ ಹಣ ಒಂದು ಕಡೆ, ಹೊಸ ಹಣ ಇನ್ನೊಂದು ಕಡೆ ಎಂಬ ಆಯ್ಕೆ ಯಾರ ಮುಂದೆಯೂ ಇಲ್ಲ. ಬ್ಲ್ಯಾಕೌಟ್ ಇದ್ದರೂ ಮನೆಗಳು ಕೇಬಲ್ ಬಿಡುತ್ತಿವೆ. ಡೈಮಂಡ್ ದಿವಾಳಿಯಾದದ್ದು ಬೇಲಿ ಭದ್ರವಾಗಿದ್ದಾಗಲೇ. ಬೇಲಿ ಉಳಿಸಿಕೊಂಡರೆ ಕೇಬಲ್ ಬಿಟ್ಟ ಮನೆಯಿಂದ ಬರುವುದು ಸೊನ್ನೆ. ತೆಗೆದರೆ 20 ಡಾಲರಾದರೂ ಬಂದೀತು. ಜೊತೆಗೆ ಹತ್ತು ವರ್ಷದ ಮಗುವೊಂದು ಶಾರ್ಟ್‌ಸ್ಟಾಪ್ ಆಟಗಾರನ ಹೆಸರು ಕಲಿಯುತ್ತದೆ. ಅದರ ಲೆಕ್ಕ ಯಾವ ಒಪ್ಪಂದದಲ್ಲೂ ಬರೆದಿರುವುದಿಲ್ಲ, ಆದರೆ ಮೂವತ್ತು ವರ್ಷ ಟಿಕೆಟ್ ಕೊಳ್ಳುವವರು ಹುಟ್ಟುವುದು ಹಾಗೆ.

ಸಣ್ಣ ಊರಿನ ತಂಡಗಳ ವಿಷಯದಲ್ಲಂತೂ ಈಗಿನ ವ್ಯವಸ್ಥೆಯೇ ಅನ್ಯಾಯದ್ದು. ತಂಡಗಳು ತಮ್ಮ ಸ್ಥಳೀಯ ಆದಾಯದ ಶೇ 48ನ್ನು ಒಂದು ನಿಧಿಗೆ ಹಾಕಿ ಸಮವಾಗಿ ಹಂಚಿಕೊಳ್ಳುವ ನಿಯಮವಿದ್ದರೂ, ಲಾಸ್ ಏಂಜಲೀಸ್ ಅಥವಾ ನ್ಯೂಯಾರ್ಕಿನ ಟಿವಿ ಹಣಕ್ಕೂ ಮಿಲ್ವಾಕಿಯ ಟಿವಿ ಹಣಕ್ಕೂ ಅಜಗಜಾಂತರ. ಎನ್‌ಎಫ್‌ಎಲ್ ಬೇರೆ ದಾರಿ ಹಿಡಿಯಿತು. 1961ರಲ್ಲಿ ಸಂಸತ್ತು ಮಾಡಿದ ಕ್ರೀಡಾ ಪ್ರಸಾರ ಕಾಯ್ದೆಯನ್ನು ಬಳಸಿ ಹಕ್ಕುಗಳನ್ನು ಒಟ್ಟುಗೂಡಿಸಿ ಮಾರಿ, ಹಣವನ್ನು ಸಮವಾಗಿ ಹಂಚಿತು. ಲಕ್ಷ ಚಿಲ್ಲರೆ ಜನರ ಗ್ರೀನ್ ಬೇ ಊರಿನ ತಂಡ ಇಂದಿಗೂ ನ್ಯೂಯಾರ್ಕಿನ ತಂಡದ ಸರಿಸಮ ನಿಂತಿದೆ. ಅದೇ ಕಾಯ್ದೆ ಬೇಸ್‌ಬಾಲಿಗೂ ಅನ್ವಯಿಸುತ್ತದೆ. ಎನ್‌ಎಫ್‌ಎಲ್ ತಂಡ ಋತುವಿಗೆ ಆಡುವುದು 17 ಪಂದ್ಯ, ಬೇಸ್‌ಬಾಲಿನದು 162, ಎಲ್ಲವನ್ನೂ ರಾಷ್ಟ್ರೀಯ ಚಾನೆಲ್‌ಗಳಲ್ಲಿ ತೋರಿಸಲಾಗದು ಎಂಬ ಮಾತು ಚಾನೆಲ್‌ಗಳ ಕಾಲದಲ್ಲಿ ಸರಿಯಿತ್ತು. ಸ್ಟ್ರೀಮಿಂಗಿಗೆ ಆ ಮಿತಿಯಿಲ್ಲ. ಎಂಎಲ್‌ಬಿ ಟಿವಿ ದೂರದ ಅಭಿಮಾನಿಗಳಿಗೆ ಅಷ್ಟೂ ಪಂದ್ಯಗಳನ್ನು ಎರಡು ದಶಕಗಳಿಂದ ತೋರಿಸುತ್ತಲೇ ಇದೆ. ಸ್ಯಾನ್ ಫ್ರಾನ್ಸಿಸ್ಕೋ ಜಯಂಟ್ಸ್ ಸಂಜೆ ಆಡುವ ಪಂದ್ಯ ನಮ್ಮಲ್ಲಿ ಬೆಳಗಿನ ಏಳೂಕಾಲಿಗೆ ಶುರುವಾಗುತ್ತದೆ; ಬೆಂಗಳೂರಿನಲ್ಲಿ ಚಂದಾ ಕಟ್ಟಿದವರಿಗೆ ಸ್ಥಳೀಯ ತಡೆಯಿಲ್ಲ. ಆ ಮೈದಾನದಿಂದ ಒಂದು ಗಂಟೆಯ ದಾರಿಯ ಸ್ಯಾನ್ ಹೋಸೆಯಲ್ಲಿ ನೆಲೆಸಿದ ಕನ್ನಡದ ಕುಟುಂಬಗಳಿಗೆ, ಅಲ್ಲೇ ಹುಟ್ಟಿ ಜಯಂಟ್ಸ್ ಟೋಪಿ ಹಾಕಿಕೊಂಡು ಬೆಳೆದ ಅವರ ಮಕ್ಕಳಿಗೆ, ಅದೇ ಚಂದಾದಲ್ಲಿ ಅದೇ ಪಂದ್ಯ ಬಹುಕಾಲ ಸಿಗಲಿಲ್ಲ.

ಖಾಸಗಿ ವ್ಯಾಪಾರ, ಅವರ ಸರಕು, ಅವರಿಷ್ಟದಂತೆ ಮಾರುತ್ತಾರೆ, ಬೇಡವಾದವರು ಬಿಡಲಿ ಎಂಬ ಮಾತೂ ಇದೆ. ಬೇರೆ ಯಾವುದೇ ಉದ್ಯಮಕ್ಕೆ ಇದು ಸಲ್ಲುವ ವಾದ. ಬೇಸ್‌ಬಾಲಿಗೆ ಸಲ್ಲದು, ಯಾಕೆಂದರೆ ಅದು ಸಾಮಾನ್ಯ ವ್ಯಾಪಾರದ ನಿಯಮದಡಿ ಬೆಳೆದದ್ದಲ್ಲ. ಪೈಪೋಟಿಯನ್ನು ಕಾಯುವ ಏಕಸ್ವಾಮ್ಯ ವಿರೋಧಿ ಕಾನೂನು ಬೇಸ್‌ಬಾಲಿಗೆ ಅನ್ವಯಿಸುವುದಿಲ್ಲವೆಂದು ಸುಪ್ರೀಂ ಕೋರ್ಟ್ 1922ರಲ್ಲಿ ಹೇಳಿತು. 1972ರಲ್ಲಿ ಕರ್ಟ್ ಫ್ಲಡ್ ಎಂಬ ಆಟಗಾರ ಪ್ರಶ್ನಿಸಿದಾಗಲೂ ಅದನ್ನೇ ಎತ್ತಿಹಿಡಿಯಿತು. ಮೂವತ್ತು ಮಾಲೀಕರು ಒಟ್ಟಿಗೆ ಕುಳಿತು ದೇಶವನ್ನು ಸೀಮೆಗಳಾಗಿ ಹಂಚಿಕೊಂಡು, ನಿನ್ನ ಗಿರಾಕಿಗೆ ನಾನು ಮಾರುವುದಿಲ್ಲ, ನನ್ನ ಗಿರಾಕಿಗೆ ನೀನು ಮಾರಬೇಡ ಎಂದರೆ ಬೇರೆ ಉದ್ಯಮದಲ್ಲಿ ಅದು ನ್ಯಾಯಾಲಯದ ಮೆಟ್ಟಿಲೇರುತ್ತದೆ. ಇಲ್ಲಿಯೂ ಏರಿತು. 2012ರಲ್ಲಿ ಅಭಿಮಾನಿಗಳು ಹೂಡಿದ ಗಾರ್ಬರ್ ಮೊಕದ್ದಮೆಯಲ್ಲಿ ನ್ಯಾಯಾಧೀಶೆ ಶೀರಾ ಶೈಂಡ್ಲಿನ್ ಆ ಹಳೆಯ ವಿನಾಯಿತಿ ಟಿವಿ ಪ್ರಸಾರಕ್ಕೆ ಹೊಂದುವುದಿಲ್ಲ ಎಂದರು. ವಿಚಾರಣೆ ಶುರುವಾಗಬೇಕಿದ್ದ ಹೊತ್ತಿಗೆ, 2016ರ ಜನವರಿಯಲ್ಲಿ, ಲೀಗ್ ರಾಜಿಗೆ ಬಂತು. ಒಂದೇ ತಂಡದ ಅಗ್ಗದ ಚಂದಾ ಹುಟ್ಟಿದ್ದು ಆ ರಾಜಿಯಿಂದ. ಸ್ಥಳೀಯ ಬ್ಲ್ಯಾಕೌಟ್ ಮಾತ್ರ ಹಾಗೇ ಉಳಿಯಿತು. ಮೈದಾನ ಕಟ್ಟಲು ಊರಿನ ತೆರಿಗೆ ಹಣ ಪಡೆಯುವಾಗ ತಂಡ ಊರಿನ ಆಸ್ತಿ, ಪಂದ್ಯ ತೋರಿಸುವಾಗ ಖಾಸಗಿ ಸರಕು ಎಂಬ ಎರಡು ಮಾತು ಒಟ್ಟಿಗೆ ನಿಲ್ಲುವುದಿಲ್ಲ. ಅಯೋವಾದ ಡೈಯರ್ಸ್‌ವಿಲ್‌ನಲ್ಲಿ, ಜೋಳದ ಹೊಲದ ನಡುವೆ ಕಟ್ಟಿದ ಮೈದಾನದಲ್ಲಿ, 2021ರ ಆಗಸ್ಟ್‌ನಲ್ಲಿ ವೈಟ್ ಸಾಕ್ಸ್ ಮತ್ತು ಯಾಂಕೀಸ್ ಆಡಿದಾಗ ಲೀಗ್ ಆ ರಾಜ್ಯದ ಬೇಸ್‌ಬಾಲ್ ಪ್ರೀತಿಯನ್ನು ದೇಶಕ್ಕೆಲ್ಲ ತೋರಿಸಿತು. ಆ ಒಂದು ಪಂದ್ಯ ಫಾಕ್ಸ್‌ನಲ್ಲಿ ಎಲ್ಲರಿಗೂ ಉಚಿತವಾಗಿ ಕಂಡಿತು. ವೈಟ್ ಸಾಕ್ಸ್‌ನ ಉಳಿದ ಪಂದ್ಯಗಳಿಗೆ ಅದೇ ಜನರ ಪರದೆಯ ಮೇಲೆ ಅದೇ ತಡೆ.

ಈ ವಾದಕ್ಕೆ ಒಂದು ಎಚ್ಚರಿಕೆಯನ್ನೂ ಸೇರಿಸಬೇಕು. ಕೇಬಲ್ ಹೋದ ಜಾಗಕ್ಕೆ ಹತ್ತು ಚಂದಾಗಳು ಬಂದು ಕೂತರೆ ಅಭಿಮಾನಿಗೆ ಸಿಕ್ಕ ಬಿಡುಗಡೆ ಏನೂ ಅಲ್ಲ. 2022ರಿಂದ ಶುಕ್ರವಾರದ ಕೆಲವು ಪಂದ್ಯಗಳು ಆಪಲ್‌ಗೆ ಹೋಗಿವೆ. ಯಾಂಕೀಸ್‌ನ ಕೆಲವು ಪಂದ್ಯಗಳು ಅಮೆಜಾನ್‌ನಲ್ಲಿ ಬಂದವು. 2025ರ ನವೆಂಬರ್‌ನಲ್ಲಿ ಪ್ರಕಟವಾದ ಮೂರು ವರ್ಷಗಳ ಒಪ್ಪಂದಗಳ ಪ್ರಕಾರ ಭಾನುವಾರ ರಾತ್ರಿಯ ಪಂದ್ಯ ಎನ್‌ಬಿಸಿ ಮತ್ತು ಪೀಕಾಕ್‌ಗೆ, ಹೋಮ್ ರನ್ ಡರ್ಬಿ ಎಂಬ ಹೊಡೆತಗಾರರ ಸ್ಪರ್ಧೆ ನೆಟ್‌ಫ್ಲಿಕ್ಸ್‌ಗೆ, ಎಂಎಲ್‌ಬಿ ಟಿವಿಯ ಮಾರಾಟ ಇಎಸ್‌ಪಿಎನ್‌ಗೆ. ಒಂದು ತಂಡದ ಚಂದಾ ಕಟ್ಟಿದವರಿಗೂ ಆ ತಂಡದ 162 ಪಂದ್ಯ ಪೂರ್ತಿಯಾಗಿ ಸಿಗುವುದಿಲ್ಲ. ವಯಸ್ಸಾದವರಿಗೆ, ಒಳ್ಳೆಯ ಇಂಟರ್‌ನೆಟ್ ಇಲ್ಲದ ಹಳ್ಳಿಗಾಡಿನವರಿಗೆ ಈ ಆ್ಯಪುಗಳ ಸಂತೆ ಕೇಬಲ್ಲಿಗಿಂತ ದೊಡ್ಡ ಗೋಡೆ. ಹಾಗಾಗಿ ಬೇಲಿ ತೆಗೆಯುವುದೆಂದರೆ ಎಲ್ಲವನ್ನೂ ಸ್ಟ್ರೀಮಿಂಗಿಗೆ ದೂಡುವುದಾಗಬಾರದು. ಬ್ಯಾಸ್ಕೆಟ್‌ಬಾಲಿನ ಫೀನಿಕ್ಸ್ ಸನ್ಸ್ ಮತ್ತು ಯೂಟಾ ಜಾಜ್ ತಂಡಗಳು 2023ರಲ್ಲಿ ತಮ್ಮ ಸ್ಥಳೀಯ ಪಂದ್ಯಗಳನ್ನು ಉಚಿತ ಚಾನೆಲ್‌ಗಳಿಗೆ ತಂದು, ಬೇಕಾದವರಿಗೆ ಸ್ಟ್ರೀಮಿಂಗ್ ಚಂದಾ ಇಟ್ಟವು. ಆಂಟೆನಾ ಇದ್ದವರು ಆಂಟೆನಾದಲ್ಲಿ ನೋಡಲಿ, ಫೋನಿನಲ್ಲಿ ನೋಡುವವರು ಹಣ ಕೊಟ್ಟು ನೋಡಲಿ ಎಂಬ ಆ ಏರ್ಪಾಡು ಬೇಸ್‌ಬಾಲಿಗೆ ಇನ್ನೂ ಚೆನ್ನಾಗಿ ಒಪ್ಪುತ್ತದೆ. ವಾರಕ್ಕೆ ಆರು ಪಂದ್ಯಗಳಲ್ಲಿ ಒಂದೆರಡನ್ನು ಉಚಿತವಾಗಿ ಬಿಟ್ಟರೆ ಉಳಿದ ನಾಲ್ಕಕ್ಕೆ ಗಿರಾಕಿ ಹುಟ್ಟುತ್ತಾರೆ.

ಈಗಿನ ರಾಷ್ಟ್ರೀಯ ಒಪ್ಪಂದಗಳು 2028ಕ್ಕೆ ಮುಗಿಯುತ್ತವೆ. ಆ ಹೊತ್ತಿಗೆ ಸ್ಥಳೀಯ ಹಕ್ಕುಗಳನ್ನೂ ಒಟ್ಟುಗೂಡಿಸಿ ಮಾರಬೇಕೆಂಬ ಇಂಗಿತವನ್ನು ಕಮಿಷನರ್ ರಾಬ್ ಮ್ಯಾನ್‌ಫ್ರೆಡ್ ಅವರೇ ಹೇಳಿಕೊಂಡಿದ್ದಾರೆ. ಸಣ್ಣ ತಂಡಗಳು ಒಪ್ಪಬಹುದು. ಸ್ವಂತ ಚಾನೆಲ್ ಇರುವ ಯಾಂಕೀಸ್, ರೆಡ್ ಸಾಕ್ಸ್, ಕಬ್ಸ್, ಮತ್ತು 2038ರವರೆಗೆ ಒಪ್ಪಂದ ಕೈಯಲ್ಲಿರುವ ಡಾಡ್ಜರ್ಸ್ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಒಗ್ಗೂಡಿಸಿದ ಹಕ್ಕನ್ನು ಒಬ್ಬನೇ ದೊಡ್ಡ ಕಂಪನಿ ಕೊಂಡು ದುಬಾರಿ ಚಂದಾದ ಹಿಂದೆ ಇಟ್ಟರೆ ಒಂದು ಬೇಲಿ ಹೋಗಿ ಇನ್ನೊಂದು ಬಂದಂತೆ. ಇಲ್ಲಿಯೇ ಸಂಸತ್ತಿಗೆ ಕೆಲಸವಿದೆ. 1961ರ ಕಾಯ್ದೆಯ ರಕ್ಷಣೆ ಉಚಿತ ಟಿವಿ ಪ್ರಸಾರಕ್ಕೆಂದೇ ಇದ್ದದ್ದು. ಹಣ ಕೊಟ್ಟು ನೋಡುವ ಸ್ಟ್ರೀಮಿಂಗಿಗೆ ಅದು ತಾನಾಗಿ ಹಬ್ಬುವುದಿಲ್ಲ. ಲೀಗಿಗೆ ಆ ವಿಸ್ತರಣೆ ಬೇಕೆಂದಿದ್ದರೆ ಎರಡು ಷರತ್ತುಗಳ ಮೇಲೆ ಕೊಡಬಹುದು: ಚಂದಾ ಕಟ್ಟಿದ ಯಾವ ಮನೆಗೂ ವಿಳಾಸದ ಕಾರಣಕ್ಕೆ ನೇರಪ್ರಸಾರ ತಡೆಯಬಾರದು, ಮತ್ತು ಪ್ರತಿ ತಂಡ ಪ್ರತಿ ವಾರ ಕನಿಷ್ಠ ಒಂದು ಪಂದ್ಯವನ್ನು ತನ್ನ ಊರಿನ ಉಚಿತ ಚಾನೆಲ್‌ನಲ್ಲಿ ತೋರಿಸಬೇಕು. 1973ರಲ್ಲಿ ಫುಟ್‌ಬಾಲಿಗೆ ಹಾಕಿದ ಷರತ್ತಿಗೆ ಎರಡೂ ಪಕ್ಷಗಳ ಸದಸ್ಯರು ಕೈಯೆತ್ತಿದ್ದರು.